ಎಸ್‌ಒಎಸ್ ಗುಂಡಿ ಇರುವ ಕಾರಿನವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಬೆಂಗಳೂರು, ಬಳ್ಳಾರಿ, ರಾಯಚೂರಿನ ಕಡೆಯಿಂದ ದುಬಾರಿ ಕಾರಿನಲ್ಲಿ ವಿಜಯವಾಡ ಹಾದು ವಿಶಾಖಪಟ್ಟಣ, ಸಿಂಹಾಚಲ, ಅರಕು ಎಂದು ಹೊರಡುವವರು ಇದನ್ನು ಓದಬೇಕು. ಆ ಊರುಗಳಲ್ಲೇ ನೌಕರಿ, ವ್ಯಾಪಾರ ಹಿಡಿದು ನೆಲೆ ನಿಂತ ಕನ್ನಡದ ಮನೆಯವರೂ ಓದಬೇಕು. ಎಲ್ಲರಿಗಿಂತ ಮೊದಲು ಓದಬೇಕಾದವರು ಆ ಕಾರುಗಳನ್ನು ಓಡಿಸುವ ಚಾಲಕರು. ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಸಿಂಹಾಚಲಕ್ಕೆ ಹೋಗಿ ಶಾಸನ ಹಾಕಿಸಿದ ಕಾಲದಿಂದಲೂ ನಮ್ಮವರಿಗೆ ಆ ದಾರಿ ಗೊತ್ತು. ಈಗ ಬೆಂಗಳೂರಿನಿಂದ ಅಲ್ಲಿಗೆ ಸುಮಾರು ಸಾವಿರ ಕಿಲೋಮೀಟರು. ಅದರಲ್ಲಿ ಬಹುಪಾಲು ನುಣ್ಣನೆಯ ಹೆದ್ದಾರಿ. ಕಾಲು ತಾನಾಗಿ ಆಕ್ಸಿಲರೇಟರ್ ಮೇಲೆ ಭಾರವಾಗುವ ರಸ್ತೆ ಅದು.

ಮೊದಲು ವಸ್ತುವಿನ ವಿಚಾರ. ಸಾಮಾನ್ಯವಾಗಿ ಕನ್ನಡಿಯ ಮೇಲ್ಗಡೆ, ಒಳದೀಪದ ಪಕ್ಕದಲ್ಲಿ, ಸಣ್ಣ ಮುಚ್ಚಳದ ಕೆಳಗೆ ಒಂದು ಗುಂಡಿ ಇರುತ್ತದೆ. ಅದರ ಮೇಲೆ ಎಸ್‌ಒಎಸ್ ಎಂದು ಬರೆದಿರುತ್ತದೆ. ಅದರ ಹಿಂದೆ, ಕಣ್ಣಿಗೆ ಕಾಣದಂತೆ, ಕಾರಿನದೇ ಒಂದು ಸಿಮ್, ಒಂದು ಆಂಟೆನಾ, ಮೈಕು, ಸ್ಪೀಕರ್. ಹಲವು ಕಾರುಗಳಲ್ಲಿ ಇದಕ್ಕೆಂದೇ ಬೇರೆ ಚಿಕ್ಕ ಬ್ಯಾಟರಿಯೂ ಇರುತ್ತದೆ. ಡಿಕ್ಕಿಯ ರಭಸಕ್ಕೆ ಏರ್‌ಬ್ಯಾಗ್ ಬಿಚ್ಚಿಕೊಂಡ ಕ್ಷಣವೇ, ಯಾರೂ ಒತ್ತದಿದ್ದರೂ, ಕಾರು ತಾನೇ ಕರೆ ಮಾಡುತ್ತದೆ. ತಾನು ಎಲ್ಲಿದ್ದೇನೆ, ಯಾವ ದಿಕ್ಕಿಗೆ ಹೋಗುತ್ತಿದ್ದೆ, ಪೆಟ್ರೋಲೋ ಡೀಸೆಲೋ ವಿದ್ಯುತ್ತೋ, ಎಷ್ಟು ಸೀಟ್‌ಬೆಲ್ಟ್ ಹಾಕಿದ್ದವು ಎಂಬ ಮಾಹಿತಿಯನ್ನೂ ಕಳಿಸಬಲ್ಲದು.

ಅಮೆರಿಕದಲ್ಲಿ ಜನರಲ್ ಮೋಟರ್ಸ್ 1996ರಲ್ಲಿ ಆನ್‌ಸ್ಟಾರ್ ಎಂಬ ಹೆಸರಿನಲ್ಲಿ ಇದನ್ನು ಕ್ಯಾಡಿಲಾಕ್ ಕಾರುಗಳಿಗೆ ಕೊಟ್ಟಿತು. 2001ರಲ್ಲಿ ವೋಲ್ವೊದ ‘ಆನ್ ಕಾಲ್’ ಬಂತು. ಯುರೋಪಿನ ಒಕ್ಕೂಟ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಎಲ್ಲ ಕಾರುಗಳಿಗೂ ‘ಇ-ಕಾಲ್’ ಕಡ್ಡಾಯ ಮಾಡಿತು. ಅಲ್ಲಿ ಕಾರು ಕೂಗಿದರೆ ಕೂಗು ನೇರ 112ಕ್ಕೆ ಹೋಗುತ್ತದೆ. ಇದರಿಂದ ನೆರವು ಬರುವ ಸಮಯ ಪಟ್ಟಣಗಳಲ್ಲಿ ಶೇ 40ರಷ್ಟು, ಹಳ್ಳಿಗಾಡಿನಲ್ಲಿ ಶೇ 50ರಷ್ಟು ಕಡಿಮೆಯಾಗಬಹುದೆಂದು ಯುರೋಪಿಯನ್ ಕಮಿಷನ್ ಅಂದಾಜು ಮಾಡಿತ್ತು. ನಮ್ಮಲ್ಲಿ ಬಸ್ಸು, ಟ್ಯಾಕ್ಸಿಯಂಥ ಸಾರ್ವಜನಿಕ ವಾಹನಗಳಿಗೆ ಎಐಎಸ್-140 ಎಂಬ ಮಾನದಂಡದ ಪ್ರಕಾರ 2019ರ ಜನವರಿ 1ರಿಂದ ಜಾಡು ಹಿಡಿಯುವ ಸಾಧನವೂ ಅಪಾಯದ ಗುಂಡಿಯೂ ಬೇಕು. ಮನೆಯ ಕಾರಿಗೆ ಅಂಥ ಕಡ್ಡಾಯವಿಲ್ಲ. ಅದು ಕಂಪನಿಯ ಮರ್ಜಿ, ನಿಮ್ಮ ದುಡ್ಡು. ಅದೇ 2019ರಲ್ಲಿ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್‌ಗಳೂ ಈ ಗುಂಡಿ ಇಟ್ಟುಕೊಂಡೇ ಬಂದವು. ಹಾಗಾಗಿ ‘ನಮ್ಮದೇನು ಬೆಂಜ್ ಅಲ್ಲವಲ್ಲ’ ಎಂದು ಈ ಪುಟ ತಿರುವಬೇಡಿ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು, ಕೆಳಗಿನದೆಲ್ಲ ಅದರ ಮೇಲೆಯೇ ನಿಂತಿದೆ. ನಮ್ಮ ದೇಶದಲ್ಲಿ ಈ ಕರೆ ಸಾಮಾನ್ಯವಾಗಿ ಮೊದಲು ಹೋಗುವುದು ಕಂಪನಿಯ ಕಾಲ್ ಸೆಂಟರಿಗೆ. ಅಲ್ಲಿಯವರು ನಿಮ್ಮ ಜೊತೆ ಮಾತಾಡಿ, ಆಮೇಲೆ 112ಕ್ಕೋ 108ಕ್ಕೋ ತಿಳಿಸಬೇಕು. ಕೂಗುವುದು ಕಾರು, ಬರುವುದು ಸರ್ಕಾರದ ಆಂಬುಲೆನ್ಸು, ಅದಕ್ಕೂ ಮೊದಲು ರಸ್ತೆಬದಿಯ ಊರಿನವರು. ಒಂದೂವರೆ ಕೋಟಿಯ ಕಾರಿನವರಿಗೂ ಟಿವಿಎಸ್ ಎಕ್ಸೆಲ್‌ನವರಿಗೂ ಬರುವ ಆಂಬುಲೆನ್ಸು ಒಂದೇ. ಅವಿಭಜಿತ ಆಂಧ್ರದಲ್ಲಿ, ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು ಶುರುವಾದ 108 ನಮ್ಮ ಕರ್ನಾಟಕಕ್ಕೆ ಬಂದದ್ದು 2008ರ ನವೆಂಬರ್ 1ರಂದು. 2020ರ ಜುಲೈ 1ರಂದು ಆಂಧ್ರ ಸರ್ಕಾರ ಸಾವಿರಕ್ಕೂ ಹೆಚ್ಚು ಹೊಸ 108, 104 ವೈದ್ಯಕೀಯ ವಾಹನಗಳಿಗೆ ಹಸಿರು ಬಾವುಟ ತೋರಿಸಿದ್ದು ವಿಜಯವಾಡದಲ್ಲಿ, ಬೆಂಜ್ ಸರ್ಕಲ್‌ನಲ್ಲಿ. ಬೆಂಜ್ ಓಡಿಸುವವರು ಇದನ್ನು ನೆನಪಿಡಲಿ.

ಹೊರಡುವ ಮುನ್ನ ಮಾಡಬೇಕಾದ್ದು

ಚಂದಾ ಜೀವಂತ ಇದೆಯೇ ನೋಡಿ. ಶೋರೂಮಿನಲ್ಲಿ ಕೀಲಿ ಕೊಡುವಾಗ ಮೊದಲ ಕೆಲವು ವರ್ಷ ಉಚಿತ ಎಂದಿರುತ್ತಾರೆ. ಆಮೇಲೆ ನವೀಕರಿಸಬೇಕು ಎಂಬುದು ಅರಿಶಿನ ಕುಂಕುಮ, ಹೂವಿನ ಹಾರ, ಫೋಟೊಗಳ ಗದ್ದಲದಲ್ಲಿ ಕಿವಿಗೆ ಬಿದ್ದಿರುವುದಿಲ್ಲ. ಹಾಡು ಕೇಳುವ ಆಪ್‌ಗೆ ತಿಂಗಳು ತಿಂಗಳು ತಪ್ಪದೆ ದುಡ್ಡು ಕಟ್ಟುವವರು ಇದನ್ನು ಬಿಟ್ಟಿರುತ್ತಾರೆ. ಚಂದಾ ಮುಗಿದರೆ ತುರ್ತು ಕರೆಯೂ ನಿಲ್ಲುತ್ತದೋ, ಉಳಿದ ಸೌಕರ್ಯ ಮಾತ್ರ ನಿಲ್ಲುತ್ತವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಸರ್ವಿಸ್ ಅಡ್ವೈಸರ್ ಬಾಯಲ್ಲಿ ‘ಇದೆ ಸಾರ್, ಇರುತ್ತೆ’ ಎಂದರೆ ಸಾಲದು, ಬರಹದಲ್ಲಿ ಕೇಳಿ.

ಗುಂಡಿಯ ಪಕ್ಕದ ಸಣ್ಣ ದೀಪವನ್ನು, ಮೀಟರಿನ ಮೇಲೆ ಬರುವ ಸೂಚನೆಯನ್ನು ಗಮನಿಸಿ. ದೀಪದ ಬಣ್ಣಗಳ ಅರ್ಥ ಎಲ್ಲ ಕಾರುಗಳಲ್ಲೂ ಒಂದೇ ಅಲ್ಲ; ನಿಮ್ಮ ಕಾರಿನ ಕೈಪಿಡಿಯಲ್ಲಿ ಆ ಒಂದು ಪುಟವನ್ನಾದರೂ ಓದಿ. ‘ಎಸ್‌ಒಎಸ್ ನಾಟ್ ರೆಡಿ’ ಎಂದು ಮರ್ಸಿಡಿಸ್ ಹೇಳಿದರೆ ಅದು ಸಿದ್ಧವಿಲ್ಲ ಎಂದೇ ಅರ್ಥ. ಟವರ್ ಇರುವ ಊರಿನೊಳಗೂ ಆ ಬರಹ ಮತ್ತೆ ಮತ್ತೆ ಬರುತ್ತಿದ್ದರೆ ಗಾಡಿಯನ್ನು ವರ್ಕ್‌ಶಾಪಿಗೆ ಬಿಡಿ. ಒಳಗಿನ ಚಿಕ್ಕ ಬ್ಯಾಟರಿಗೂ ಆಯಸ್ಸಿದೆ. ಅದನ್ನು ಬದಲಿಸಬೇಕೇ ಎಂದು ಸರ್ವಿಸಿನವರನ್ನು ನೀವೇ ಕೇಳಬೇಕು.

ಐದಾರು ವರ್ಷ ದಾಟಿದ ಕಾರಾದರೆ ಇನ್ನೊಂದು ಪ್ರಶ್ನೆ ಕೇಳಿ: ಒಳಗಿರುವ ಸಿಮ್ ಯಾವ ಪೀಳಿಗೆಯದು? ಅಮೆರಿಕದಲ್ಲಿ ಹಳೆಯ ಅನಲಾಗ್ ಮೊಬೈಲ್ ಜಾಲವನ್ನು 2008ರಲ್ಲಿ ಮುಚ್ಚಿದಾಗ ಹಳೆಯ ಆನ್‌ಸ್ಟಾರ್ ಕಾರುಗಳು ಮೂಕವಾದವು. 2022ರ ಫೆಬ್ರವರಿಯಲ್ಲಿ ಅಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿ ತನ್ನ 3ಜಿ ಮುಚ್ಚಿದಾಗ ಎಷ್ಟೋ ದೊಡ್ಡ ಹೆಸರಿನ ಕಾರುಗಳಿಗೆ ಅದೇ ಗತಿಯಾಯಿತು. ಯುರೋಪಿನಲ್ಲೂ ಹಳೆಯ ಜಾಲ ನೆಚ್ಚಿಕೊಂಡರೆ ಆಗದೆಂದು 2026ರ ಜನವರಿ 1ರಿಂದ ಹೊಸ ಮಾದರಿಗಳಿಗೆ 4ಜಿ, 5ಜಿಯ ಇ-ಕಾಲ್ ಬೇಕೆಂದಿದ್ದಾರೆ. ನಮ್ಮಲ್ಲಿ ಏರ್‌ಟೆಲ್ 3ಜಿ ನಿಲ್ಲಿಸಿ ವರ್ಷಗಳಾದವು. ಜಿಯೊಗೆ 2ಜಿ, 3ಜಿ ಎಂಬುದೇ ಇರಲಿಲ್ಲ. ಎಂಜಿನ್ ಇಪ್ಪತ್ತು ವರ್ಷ ಬಾಳುತ್ತದೆ, ಒಳಗಿನ ಫೋನಿಗೆ ಅಷ್ಟು ಆಯಸ್ಸಿಲ್ಲ. ಸೆಕೆಂಡ್‌ಹ್ಯಾಂಡ್ ಲಕ್ಷುರಿ ಕಾರು ಕೊಳ್ಳುವವರು ಟೈರು ಒದ್ದು ನೋಡುವುದಕ್ಕಿಂತ ಇದನ್ನು ವಿಚಾರಿಸುವುದು ಮೇಲು.

ಈಗ ಎಲ್ಲಕ್ಕಿಂತ ದೊಡ್ಡ ತಪ್ಪಿನ ವಿಚಾರ. ಈ ಕಾರುಗಳನ್ನು ಬಹಳ ಕಡೆ ಓಡಿಸುವುದು ಸಂಬಳದ ಚಾಲಕರು. ಆಪ್ ಇರುವುದು ಧಣಿಯ ಫೋನಿನಲ್ಲಿ. ಕಾಲ್ ಸೆಂಟರಿನಲ್ಲಿ ನೋಂದಾಯಿಸಿರುವ ಸಂಖ್ಯೆಯೂ ಧಣಿಯದೇ. ಅಪಘಾತವಾದಾಗ ಆ ಧಣಿ ಹಿಂದಿನ ಸೀಟಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿರುತ್ತಾರೆ, ಫೋನು ಸೀಟಿನಡಿ ಎಲ್ಲೋ ಹೊಡೆದುಕೊಳ್ಳುತ್ತಿರುತ್ತದೆ. ಚಾಲಕನಿಗೆ ಆ ಗುಂಡಿ ಏನೆಂದು ಯಾರೂ ಹೇಳಿಲ್ಲ. ಕೇಳಿದರೆ ‘ಅದನ್ನ ಮುಟ್ಟಬೇಡ ಅಂದಿದ್ದಾರೆ ಸಾರ್’ ಎನ್ನುತ್ತಾನೆ. ಮೇಲಿನ ಗುಂಡಿಯೊಂದನ್ನು ಬಿಟ್ಟು ಉಳಿದೆಲ್ಲ ಗುಂಡಿ ಮುಟ್ಟುವ ಸ್ವಾತಂತ್ರ್ಯ ಅವನಿಗಿದೆ, ನೋಡಿ!

ಆದ್ದರಿಂದ, ಒಡೆಯರೇ: ಚಾಲಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮುಚ್ಚಳ ತೆಗೆದು ತೋರಿಸಿ. ಯಾವಾಗ ಒತ್ತಬೇಕು, ಎಷ್ಟು ಹೊತ್ತು ಒತ್ತಿ ಹಿಡಿಯಬೇಕು, ಅತ್ತ ಕಡೆಯವರು ಏನು ಕೇಳುತ್ತಾರೆ, ಎಲ್ಲ ಹೇಳಿ. ಒತ್ತಿದ್ದಕ್ಕೆ ಬೈಯುವುದಿಲ್ಲ ಎಂದೂ ಹೇಳಿ. ತುರ್ತು ಸಂಪರ್ಕದ ಪಟ್ಟಿಗೆ ಆ ದಿನ ಕಾರಿನಲ್ಲಿ ಇಲ್ಲದ ಒಬ್ಬರ ಸಂಖ್ಯೆ ಸೇರಿಸಿ. ಇಡೀ ಮನೆಯವರೇ ಪ್ರವಾಸ ಹೊರಟಿದ್ದರೆ ಊರಲ್ಲುಳಿದ ಅಣ್ಣನದೋ ಭಾವನದೋ ಇರಲಿ. ಚಾಲಕನ ರಕ್ತದ ಗುಂಪು, ಅವನ ಮನೆಯವರ ಸಂಖ್ಯೆ ನಿಮ್ಮ ಬಳಿ ಇರಬೇಕು. ಪೆಟ್ಟು ಬೀಳುವಾಗ ಸಂಬಳ ಕೊಡುವವರು, ತೆಗೆದುಕೊಳ್ಳುವವರು ಎಂದು ಅದು ನೋಡುವುದಿಲ್ಲ.

ಪೆಂಡುರ್ತಿಯ ಸುತ್ತಮುತ್ತ

ಈ ಊರನ್ನೇ ಹೆಸರಿಸಿ ಎಚ್ಚರಿಸಲು ಕಾರಣವಿದೆ. ವಿಶಾಖಪಟ್ಟಣದ ಪಡುವಣದ ಅಂಚಿನ ಈ ಊರಿನ ಬಳಿ ಮೂರು ಬಗೆಯ ರಸ್ತೆಗಳು ಕೂಡುತ್ತವೆ. ಅನಕಾಪಲ್ಲಿಯಿಂದ ಸಬ್ಬವರಂ ಮೇಲೆ ಆನಂದಪುರಂಗೆ ಹೋಗುವ ಆರು ಪಥದ ಬೈಪಾಸು, ನಗರದಿಂದ ಬರುವ ಬಿಆರ್‌ಟಿಎಸ್ ರಸ್ತೆ, ಕೊತ್ತವಲಸ, ಎಸ್.ಕೋಟ ಹಾದು ಅರಕಿಗೆ ಏರುವ ದಾರಿ. ನಗರದೊಳಗೆ ಗಾಜುವಾಕ, ಎನ್‌ಎಡಿ, ಮದ್ದಿಲಪಾಲೆಂ, ಮಧುರವಾಡದ ಮೇಲೆ ಹೋಗುವ ಹಳೆಯ ಹೆದ್ದಾರಿಯನ್ನೂ ಹೈವೇ ಎಂದೇ ಕರೆಯುತ್ತಾರೆ, ಹೊರಗಿನ ಬೈಪಾಸನ್ನೂ ಹಾಗೆಯೇ. ‘ವೈಜಾಗ್ ಹೈವೇಯಲ್ಲಿದ್ದೇವೆ’ ಎಂದರೆ ಏನೂ ಹೇಳಿದ ಹಾಗಾಗಲಿಲ್ಲ.

ಸಾಲದೆಂಬಂತೆ ಜಿಲ್ಲೆಯ ಗಡಿಗಳು. 2022ರ ಏಪ್ರಿಲ್ 4ರಂದು ಆಂಧ್ರದ ಜಿಲ್ಲೆಗಳನ್ನು ಮರುವಿಂಗಡಿಸಿದ ಮೇಲೆ ಪೆಂಡುರ್ತಿ ವಿಶಾಖಪಟ್ಟಣ ಜಿಲ್ಲೆಯಲ್ಲೇ ಉಳಿಯಿತು. ಪಕ್ಕದ ಸಬ್ಬವರಂ ಅನಕಾಪಲ್ಲಿ ಜಿಲ್ಲೆಗೆ ಸೇರಿತು. ಆಚೆ ಕೊತ್ತವಲಸ ವಿಜಯನಗರಂ ಜಿಲ್ಲೆಯದು. ಘಾಟಿ ಏರಿ ಅನಂತಗಿರಿ, ಅರಕು ತಲುಪಿದರೆ ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಅರ್ಧ ಗಂಟೆ ಓಡಿಸುವುದರೊಳಗೆ ಮೂರು ಜಿಲ್ಲೆ ಮುಟ್ಟುವ ಜಾಗವಿದು. ಇದೆಲ್ಲವನ್ನೂ ದೂರದೂರಿನಲ್ಲಿ ಹೆಡ್‌ಫೋನ್ ಹಾಕಿ ಕೂತ ಕಾಲ್ ಸೆಂಟರಿನ ಹುಡುಗಿಗೆ ಗೊತ್ತಿರಬೇಕೆಂದು ಬಯಸುವುದು ಅನ್ಯಾಯ.

ಮಾಡಬೇಕಾದ್ದು ಇಷ್ಟು. ದಾರಿಯಲ್ಲಿ ಕಂಡ ಕೊನೆಯ ಊರಿನ ಹೆಸರು, ಕೊನೆಯ ಟೋಲ್, ಕೊನೆಯ ಕಿಲೋಮೀಟರ್ ಕಲ್ಲನ್ನು ಮುಂದಿನ ಸೀಟಿನಲ್ಲಿ ಕೂತವರು ಗಮನಿಸುತ್ತಿರಿ. ಮೊಬೈಲ್ ನೋಡುತ್ತ ಕೂರಲು ಹಿಂದೆ ಜಾಗವಿದೆ. ಆರು ಪಥದ ರಸ್ತೆಯಲ್ಲಿ ಯಾವ ಬದಿ ಎಂಬುದು ಜೀವದ ಪ್ರಶ್ನೆ. ಆಂಬುಲೆನ್ಸು ತಪ್ಪು ಬದಿಗೆ ಬಂದರೆ ನಡುವಿನ ಗೋಡೆ ಹಾರಿ ಬರಲಾಗದು, ಮುಂದಿನ ತಿರುವಿನವರೆಗೆ ಹೋಗಿ ಸುತ್ತಿಕೊಂಡೇ ಬರಬೇಕು. ‘ಆನಂದಪುರಂ ಕಡೆ ಹೋಗುವ ಬದಿ’ ಅಥವಾ ‘ಅನಕಾಪಲ್ಲಿ ಕಡೆ ಹೋಗುವ ಬದಿ’ ಎಂದು ಬಿಡಿಸಿ ಹೇಳಿ.

ಆಂಧ್ರದಲ್ಲಿ 112 ಎತ್ತುವವರು ತೆಲುಗಿನವರು. ಕಾರಿನ ಕಾಲ್ ಸೆಂಟರಿನವರು ಹೆಚ್ಚಾಗಿ ಇಂಗ್ಲಿಷ್, ಹಿಂದಿಯವರು. ರಸ್ತೆಬದಿ ಓಡಿ ಬರುವವರಿಗೆ ತೆಲುಗು ಮಾತ್ರ ಗೊತ್ತಿರಬಹುದು. ಬಳ್ಳಾರಿಯವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಮಂಡ್ಯ, ಶಿವಮೊಗ್ಗದ ಕಡೆಯವರು ಈ ನಾಲ್ಕು ಮಾತು ಕಲಿತುಕೊಳ್ಳಿ: ‘ಆಕ್ಸಿಡೆಂಟ್ ಅಯ್ಯಿಂದಿ. ಪೆಂದುರ್ತಿ ದಗ್ಗರ, ಬೈಪಾಸ್ ಮೀದ. ಆನಂದಪುರಂ ವೆಳ್ಳೇ ವೈಪು. ಮುಗ್ಗುರಿಕಿ ದೆಬ್ಬಲು ತಗಿಲಾಯಿ.’ ಅಪಘಾತವಾಗಿದೆ, ಪೆಂಡುರ್ತಿ ಹತ್ತಿರ, ಬೈಪಾಸ್ ಮೇಲೆ, ಆನಂದಪುರಂ ಕಡೆ ಹೋಗುವ ಬದಿ, ಮೂವರಿಗೆ ಪೆಟ್ಟಾಗಿದೆ. ಇಷ್ಟಾದರೆ ಸಾಕು.

ಅರಕಿನ ದಾರಿಯಲ್ಲಿ ಇನ್ನೊಂದು ಎಚ್ಚರ. 2021ರ ಫೆಬ್ರವರಿ 12ರ ಸಂಜೆ ಅನಂತಗಿರಿ ಘಾಟಿಯ ಡಮುಕು ಬಳಿ ಹೈದರಾಬಾದಿನ ಪ್ರವಾಸಿಗಳಿದ್ದ ಬಸ್ಸು ಕಣಿವೆಗೆ ಉರುಳಿ ನಾಲ್ವರು ಸತ್ತರು. ಆ ಘಾಟಿಯಲ್ಲಿ ಟವರ್ ಸಿಗದ ತಿರುವುಗಳಿವೆ. ಪರದೆಯ ಮೇಲೆ ನಕ್ಷೆ ಚೆನ್ನಾಗಿ ಓಡುತ್ತಿದೆ ಎಂದು ಮೋಸ ಹೋಗಬೇಡಿ: ನೀವು ಎಲ್ಲಿದ್ದೀರಿ ಎಂಬುದು ಕಾರಿಗೆ ಉಪಗ್ರಹದಿಂದ ತಿಳಿಯುತ್ತದೆ, ಆದರೆ ನಿಮ್ಮ ಕೂಗು ಹೋಗಬೇಕಾದದ್ದು ಮೊಬೈಲ್ ಟವರಿನ ಮೂಲಕ. ಕಾರಿಗೆ ಒಂದೇ ಸಿಮ್, ಒಂದೇ ಕಂಪನಿ. ಕೈಯಲ್ಲಿರುವ ಫೋನಿನಿಂದ 112ಕ್ಕೆ ಮಾಡುವ ಕರೆಯನ್ನಾದರೆ ಹತ್ತಿರದ ಯಾವ ಕಂಪನಿಯ ಟವರಾದರೂ ಹಿಡಿಯಬಲ್ಲದು. ಆದ್ದರಿಂದ ಕಾರಿನ ಗುಂಡಿ ಒತ್ತಿದರೂ ಫೋನಿನಿಂದ 112 ಪ್ರಯತ್ನಿಸುವುದನ್ನು ಬಿಡಬೇಡಿ. ಬೆಟ್ಟ ಏರುವ ಮುಂಚೆ, ಎಸ್.ಕೋಟದಲ್ಲಿ ಕಾಫಿಗೆ ನಿಂತಾಗ, ಎಲ್ಲಿಗೆ ಹೊರಟಿದ್ದೇವೆ, ಎಷ್ಟು ಹೊತ್ತಿಗೆ ತಲುಪಬಹುದು ಎಂದು ಮನೆಗೆ ಒಂದು ಸಂದೇಶ ಕಳಿಸಿ.

ರಾಷ್ಟ್ರೀಯ ಹೆದ್ದಾರಿಯ ಮೇಲಾದರೆ 1033 ಸಹಾಯವಾಣಿ ಕೂಡ ಇದೆ. ಈ ಸಂಖ್ಯೆಗಳನ್ನು ಕಾರಿನಲ್ಲೇ ಒಂದು ಚೀಟಿಯ ಮೇಲೆ ಅಂಟಿಸಿಡಿ. ಚೆಂದದ ಡ್ಯಾಶ್‌ಬೋರ್ಡು ಹಾಳಾಗುತ್ತದೆ ಎನ್ನುವವರು ಸನ್‌ವೈಸರಿನ ಹಿಂದೆ ಅಂಟಿಸಿ.

ಒತ್ತಿದ ಮೇಲೆ

ಮಾತಾಡುವಾಗ ಮೊದಲು ಜಾಗ, ಆಮೇಲೆ ಎಷ್ಟು ಜನ, ಆಮೇಲೆ ಯಾರಿಗೆ ಹೇಗಿದೆ. ತಪ್ಪು ಯಾರದ್ದು, ಲಾರಿಯವನು ಹೇಗೆ ನುಗ್ಗಿದ ಎಂಬ ಪುರಾಣವನ್ನು ಪೊಲೀಸರಿಗೆ ಇಟ್ಟುಕೊಳ್ಳಿ. ಅತ್ತ ಕಡೆಯವರು ಇಡುವವರೆಗೆ ಕರೆ ಕಡಿಯಬೇಡಿ. ಮಾತಾಡಲು ಆಗದಿದ್ದರೆ ಸುಮ್ಮನಿರಿ, ಸಂಪರ್ಕ ತೆರೆದಿದ್ದರೆ ಅವರಿಗೆ ಒಳಗಿನ ಸದ್ದು ಕೇಳುತ್ತಿರುತ್ತದೆ.

ನಡೆಯಲು ಆಗುವವರು ಕಾರಿನಿಂದಿಳಿದು ರಸ್ತೆಬದಿಯ ತಡೆಗಂಬಿಯ ಆಚೆ ಹೋಗಿ ನಿಲ್ಲಿ. ಕಾರಿನ ಹಿಂದೆ ನಿಂತು ಫೋಟೊ ತೆಗೆಯುವವರನ್ನು ಹಿಂದಿನಿಂದ ಬಂದ ಇನ್ನೊಂದು ಗಾಡಿ ಹೊಡೆದುಕೊಂಡು ಹೋಗುತ್ತದೆ. ಕಾರಿನ ಬೂಟಿನಲ್ಲಿರುವ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಿ. ಪೆಟ್ಟು ಬಿದ್ದವರನ್ನು, ಬೆಂಕಿಯೋ ನೀರೋ ಇಲ್ಲವಾದರೆ, ಎಳೆದಾಡಬೇಡಿ, ನೀರು ಕುಡಿಸಬೇಡಿ, ರಕ್ತ ಹರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಅದುಮಿ ಹಿಡಿಯಿರಿ. ಹೈಬ್ರಿಡ್, ವಿದ್ಯುತ್ ಕಾರಾದರೆ ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಯಾರ ಕೈಯೂ ಹೋಗಬಾರದು.

ಮಾಡಬಾರದ್ದು

ಪಂಕ್ಚರಿಗೆ, ದಾರಿ ಕೇಳುವುದಕ್ಕೆ, ಡೀಸೆಲ್ ಮುಗಿದದ್ದಕ್ಕೆ ಎಸ್‌ಒಎಸ್ ಒತ್ತಬಾರದು. ಅದಕ್ಕೆ ಬ್ರೇಕ್‌ಡೌನ್ ಸಹಾಯವಾಣಿ ಬೇರೆ ಇದೆ. ‘ಕೆಲಸ ಮಾಡುತ್ತದೋ ನೋಡೋಣ’ ಎಂದು ಒತ್ತಬಾರದು. ನೆಂಟರ ಮಕ್ಕಳಿಗೆ ಕಾರು ತೋರಿಸುವಾಗಲಂತೂ ಆ ಮುಚ್ಚಳ ಮುಚ್ಚಿಯೇ ಇರಲಿ. ಅಪ್ಪಿತಪ್ಪಿ ಒತ್ತಿದರೆ ಓಡಿಹೋಗಬೇಡಿ, ಎತ್ತಿದವರಿಗೆ ತಪ್ಪಾಗಿ ಒತ್ತಿದೆವು ಎಂದು ಹೇಳಿ.

ಸೀಟ್‌ಬೆಲ್ಟಿನ ಸದ್ದು ನಿಲ್ಲಿಸುವ ಕ್ಲಿಪ್ಪನ್ನು ಕಾರಿನೊಳಗೆ ಇಡಬಾರದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮೇ ತಿಂಗಳಲ್ಲಿ ಐದು ದೊಡ್ಡ ಆನ್‌ಲೈನ್ ಅಂಗಡಿಗಳ ವಿರುದ್ಧ ಆದೇಶ ಹೊರಡಿಸಿ ಇಂಥ 13,118 ಮಾರಾಟದ ಪುಟಗಳನ್ನು ತೆಗೆಸಿತು. ಆದರೂ ಎಷ್ಟೋ ಕಾರುಗಳಲ್ಲಿ ಅದು ಸಿಕ್ಕಿಸಿಕೊಂಡೇ ಇದೆ. ಅದರ ಕೇಡು ಎರಡು ಪಟ್ಟು. ಬೆಲ್ಟಿಲ್ಲದವರನ್ನು ಕಾರು ಬೆಲ್ಟು ಹಾಕಿದವರು ಎಂದೇ ನಂಬುತ್ತದೆ. ಆ ಸುಳ್ಳು ಲೆಕ್ಕ ತುರ್ತು ಕರೆಯ ಜೊತೆಗೂ ಹೋಗಬಹುದು.

ಹಿಂದಿನ ಸೀಟಿನವರು ಬೆಲ್ಟಿಲ್ಲದೆ ಕೂರಬಾರದು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ ಸೂರ್ಯಾ ನದಿಯ ಸೇತುವೆಗೆ ಬಡಿದದ್ದು ಮರ್ಸಿಡಿಸ್ ಜಿಎಲ್‌ಸಿ. ಮುಂದಿನವರಿಬ್ಬರು ಬದುಕಿದರು. ಹಿಂದೆ ಬೆಲ್ಟಿಲ್ಲದೆ ಕೂತಿದ್ದ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮತ್ತು ಅವರ ಪಕ್ಕದವರು ಉಳಿಯಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2021ರ ಆಗಸ್ಟ್ 31ರ ನಡುರಾತ್ರಿ ಕಳೆದ ಮೇಲೆ, ನಮ್ಮ ಕೋರಮಂಗಲದಲ್ಲೇ ಆಡಿ ಕ್ಯೂ3 ಬಡಿದು ಏಳು ಮಂದಿ ಯುವಕ ಯುವತಿಯರು ಸತ್ತರು. ಒಬ್ಬರೂ ಬೆಲ್ಟು ಹಾಕಿರಲಿಲ್ಲ, ಏರ್‌ಬ್ಯಾಗೂ ಬಿಚ್ಚಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಎಸ್‌ಒಎಸ್ ಎಂಬುದು ಡಿಕ್ಕಿಯಾದ ಮೇಲೆ ಬದುಕಿದ್ದವರಿಗಾಗಿ ಇರುವ ಏರ್ಪಾಡು. ಡಿಕ್ಕಿಯ ಕ್ಷಣಕ್ಕೆ ಇರುವುದು ಬೆಲ್ಟು ಒಂದೇ. ಹಿಂದಿನ ಸೀಟಿಗೂ ಅದು ಕಾನೂನು. ತಪ್ಪಿದರೆ 1,000 ರೂಪಾಯಿ ದಂಡ. ರೇಷ್ಮೆ ಸೀರೆ ಸುಕ್ಕಾಗುತ್ತದೆ ಎನ್ನುವ ಅತ್ತೆಯವರಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಬಂದರೆ, ಓಡಿಸುವವರೇ ಹೇಳಬೇಕು. ಬೆಲ್ಟು ಹಾಕುವವರೆಗೆ ಗಾಡಿ ಹೊರಡಬಾರದು.

ಕಾರಿನ ಬೆಲೆ ನೋಡಿ ಲಾರಿಯ ಪಕ್ಕ ನುಗ್ಗಬಾರದು. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಮಗುಚಿ ಬಿದ್ದದ್ದು ವೋಲ್ವೊ ಎಕ್ಸ್‌ಸಿ90 ಮೇಲೆ. ಸುರಕ್ಷತೆಗೇ ಹೆಸರಾದ ಕಾರು, ಒಂದೇ ಕುಟುಂಬದ ಆರು ಮಂದಿ ಸತ್ತರು. ಆ ಮನೆಯವರದೇನೂ ತಪ್ಪಿರಲಿಲ್ಲ, ಯಾವ ಗುಂಡಿಯೂ ಅಲ್ಲಿ ಏನೂ ಮಾಡಲಾಗುತ್ತಿರಲಿಲ್ಲ. ವಿಶಾಖಪಟ್ಟಣದ ಬಂದರಿನ ಕಡೆಯ ರಸ್ತೆಗಳಲ್ಲಿ ಕಂಟೇನರ್ ಸಾಲು ಸಾಲಾಗಿ ಇರುತ್ತದೆ. ಅಂತರ ಇಟ್ಟುಕೊಳ್ಳಿ.

ಬಂಪರಿನ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಬಾರದು. ಅದು ಡಿಕ್ಕಿಯ ಪೆಟ್ಟನ್ನು ತಿರುಚಿ ಏರ್‌ಬ್ಯಾಗಿನ ಸೆನ್ಸರನ್ನು ಗೊಂದಲಕ್ಕೆ ಬೀಳಿಸುತ್ತದೆ; ಏರ್‌ಬ್ಯಾಗ್ ಹೊತ್ತಿಗೆ ಸರಿಯಾಗಿ ಬಿಚ್ಚದಿದ್ದರೆ ತಾನಾಗಿ ಹೋಗುವ ಕರೆಯೂ ತಪ್ಪಬಹುದು. ಹೊರಗಿನ ಅಂಗಡಿಯಲ್ಲಿ ಸ್ಟೀರಿಯೊ, ಕ್ಯಾಮೆರಾ ಹಾಕಿಸಲು ಚಾವಣಿಯ ತಂತಿ ಕತ್ತರಿಸಲು ಬಿಡಬಾರದು.

ಗಾಜು ಒಡೆಯುವ ಸುತ್ತಿಗೆ ಇದೆ ಎಂದು ನೆಮ್ಮದಿಯಾಗಿರಬಾರದು. ದುಬಾರಿ ಕಾರುಗಳಲ್ಲಿ ಹೊರಗಿನ ಸದ್ದು ಕೇಳದಿರಲೆಂದು ಪಕ್ಕದ ಕಿಟಕಿಗೂ ಎರಡು ಪದರದ ಲ್ಯಾಮಿನೇಟೆಡ್ ಗಾಜು ಹಾಕುವುದು ಹೆಚ್ಚಾಗಿದೆ. ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಇಂಥ ಆರು ಸಾಧನಗಳನ್ನು ಪರೀಕ್ಷಿಸಿತು. ಸಾಮಾನ್ಯ ಗಾಜನ್ನು ನಾಲ್ಕು ಒಡೆದವು. ಲ್ಯಾಮಿನೇಟೆಡ್ ಗಾಜನ್ನು ಒಂದೂ ಒಡೆಯಲಿಲ್ಲ. ನಿಮ್ಮ ಕಿಟಕಿಯ ಮೂಲೆಯಲ್ಲಿ ಯಾವ ಗಾಜೆಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ಇವತ್ತೇ ಎಲ್ಲ ಕಿಟಕಿಗಳನ್ನೂ ನೋಡಿಕೊಳ್ಳಿ, ಒಡೆಯುವ ಗಾಜು ಯಾವ ಬಾಗಿಲದೆಂದು ತಿಳಿದಿರಲಿ.

ಇದು ನೀರಿನ ವಿಚಾರಕ್ಕೆ ತರುತ್ತದೆ. 2023ರ ಮೇ 21ರ ಭಾನುವಾರ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕಿದ್ದು ವಿಜಯವಾಡದ ಕಡೆಯಿಂದ ಬಂದಿದ್ದ ಕುಟುಂಬ. ಬಾಡಿಗೆ ಕಾರಿನಲ್ಲಿದ್ದ 22 ವರ್ಷದ ಹುಡುಗಿ ಉಳಿಯಲಿಲ್ಲ. ಮರುವರ್ಷ, 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆ ಬೀದಿ ಬೀದಿಯೇ ಮುಳುಗಿತು. ಕಾರಿನ ತಾನಾಗಿ ಹೋಗುವ ಕರೆ ಎಚ್ಚರಗೊಳ್ಳುವುದು ಡಿಕ್ಕಿಗೆ. ನೀರು ಮೆಲ್ಲಗೆ ಏರಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ನಿಂತ ನೀರಿಗೆ ಕಾರು ಇಳಿಸಬಾರದು. ಇಳಿದು ನಿಂತುಹೋದರೆ ಗುಂಡಿ ಒತ್ತಿ ಕಾಯುತ್ತ ಕೂರಬಾರದು. ವಿದ್ಯುತ್ ಇರುವಾಗಲೇ ಕಿಟಕಿ ಇಳಿಸಿ, ಬೆಲ್ಟು ಬಿಚ್ಚಿ, ಮಕ್ಕಳನ್ನು ಮೊದಲು ಹೊರಗೆ ಬಿಟ್ಟು ನೀವೂ ಹೊರಬನ್ನಿ. ಫೋನು ಆಮೇಲೆ.

ದಾರಿಯಲ್ಲಿ ಹೋಗುತ್ತಿರುವವರಿಗೆ

ನಮ್ಮ ದೇಶದ ರಸ್ತೆಗಳಲ್ಲಿ 2022ರಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಬಹುಪಾಲು ಜನರ ವಾಹನಕ್ಕೆ ಕರೆ ಮಾಡುವ ಬಾಯಿಯೇ ಇರಲಿಲ್ಲ. ನಿಮ್ಮ ಕಾರಿಗೆ ಇದೆ. ರಸ್ತೆಯಲ್ಲಿ ಬೇರೆ ಯಾರದೋ ಬೈಕು ಬಿದ್ದಿದ್ದು ಕಂಡರೆ ನಿಮ್ಮ ಕಾರು ನಿಲ್ಲಿಸಿ ಅದೇ ಗುಂಡಿ ಒತ್ತಿ ನೆರವು ಕೇಳಬಹುದು. ಅಥವಾ 108 ಹೊಡೆಯಿರಿ. ಸೀಟು ಕೊಳೆಯಾಗುತ್ತದೆ ಎಂಬ ಭಯವಿದ್ದರೆ ಇಳಿದು ನಿಂತು ಆಂಬುಲೆನ್ಸ್ ಬರುವವರೆಗಾದರೂ ಕಾಯಿರಿ.

ಪೊಲೀಸರ ಭಯ ಬೇಡ. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದೇ ನೆರವಾಗುವವರನ್ನು ಕಾಡಬಾರದೆಂದು ಕಟ್ಟುನಿಟ್ಟು ಮಾಡಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಅವರನ್ನು ರಕ್ಷಿಸುವ 134ಎ ಎಂಬ ಕಲಮು ಸೇರಿತು. ನಮ್ಮ ಕರ್ನಾಟಕ 2016ರಲ್ಲೇ ಇದಕ್ಕೆಂದು ಸ್ವಂತ ಕಾಯ್ದೆ ಮಾಡಿತ್ತು. ಹೆಸರು ಹೇಳುವುದೂ ಬಿಡುವುದೂ ನಿಮ್ಮ ಇಷ್ಟ. ಗಾಯಗೊಂಡ ಮೊದಲ ಒಂದು ಗಂಟೆಗೆ ಮೋಟಾರು ವಾಹನ ಕಾಯ್ದೆಯಲ್ಲೇ ‘ಗೋಲ್ಡನ್ ಅವರ್’ ಎಂಬ ಹೆಸರಿದೆ. 2025ರ ಮೇ 5ರಂದು ಹೊರಬಿದ್ದ ಕೇಂದ್ರದ ಯೋಜನೆಯಲ್ಲಿ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಮುಂಗಡ ಎಂದು ಕೈ ಚಾಚಿದರೆ ಇದನ್ನು ಹೇಳಿ. ಪೆಂಡುರ್ತಿಯಿಂದ ನಗರದ ಕಿಂಗ್ ಜಾರ್ಜ್ ಆಸ್ಪತ್ರೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಹನುಮಂತವಾಕದ ಬಳಿ ಸರ್ಕಾರದ್ದೇ ವಿಮ್ಸ್ ಇದೆ. ಎಲ್ಲಿಗೆ ಒಯ್ಯಬೇಕು ಎಂಬುದನ್ನು ಆಂಬುಲೆನ್ಸಿನ ಸಿಬ್ಬಂದಿಗೆ ಬಿಡಿ. ‘ನಮ್ಮ ಇನ್ಶೂರೆನ್ಸು ಆ ಕಾರ್ಪೊರೇಟ್ ಆಸ್ಪತ್ರೆಯದು’ ಎಂದು ರಸ್ತೆಯ ಮೇಲೆ ವಾದಕ್ಕೆ ನಿಲ್ಲಬೇಡಿ, ಆ ಮಾತು ನಾಳೆಗೆ ಇರಲಿ.

ಜಜ್ಜಿಹೋದ ಕಾರನ್ನು ಕತ್ತರಿಸಿ ಜನರನ್ನು ತೆಗೆಯುವಾಗ ಎಲ್ಲಿ ಕತ್ತರಿಸಬಾರದು ಎಂಬುದೇ ದೊಡ್ಡ ಪ್ರಶ್ನೆ; ಏರ್‌ಬ್ಯಾಗಿನ ಸಿಲಿಂಡರು, ಹೈವೋಲ್ಟೇಜ್ ತಂತಿ ಎಲ್ಲೆಲ್ಲೋ ಅಡಗಿರುತ್ತವೆ. ಮರ್ಸಿಡಿಸ್ 2013ರಿಂದ ಇಂಧನದ ಮುಚ್ಚಳದ ಒಳಬದಿಗೆ ಮತ್ತು ಅದರ ಎದುರು ಬದಿಯ ಬಾಗಿಲಿನ ಕಂಬಕ್ಕೆ ಒಂದು ಕ್ಯೂಆರ್ ಕೋಡ್ ಅಂಟಿಸುತ್ತಿದೆ. ಅದನ್ನು ಫೋನಿಗೆ ಹಿಡಿದರೆ ಆ ಮಾದರಿಯ ರಕ್ಷಣಾ ನಕ್ಷೆ ತೆರೆದುಕೊಳ್ಳುತ್ತದೆ. ಅದು ಬೆಲೆಯ ಚೀಟಿಯಲ್ಲ, ಕಿತ್ತು ಹಾಕಬೇಡಿ. ಅಗ್ನಿಶಾಮಕದವರು ಬಂದಾಗ ಅದಿರುವ ಜಾಗ ತೋರಿಸಿ. ಕಾರು ತೊಳೆಸುವಾಗ, ಪಾಲಿಶ್ ಹಾಕಿಸುವಾಗ ಅದು ಉಳಿದಿದೆಯೇ ನೋಡಿಕೊಳ್ಳಿ.

ಮಾರುವಾಗ, ಕೊಳ್ಳುವಾಗ

ಕಾರು ಮಾರುವ ದಿನ ಆಪ್‌ನಿಂದ ಅದನ್ನು ಕಳಚಿ, ತುರ್ತು ಸಂಖ್ಯೆಗಳನ್ನು ಅಳಿಸಿ. ಇಲ್ಲವಾದರೆ ಕೊಂಡವರು ಎಲ್ಲೋ ಬಿದ್ದಾಗ ಫೋನು ಬರುವುದು ನಿಮ್ಮ ಮನೆಗೆ, ಅವರ ಮನೆಗೆ ಸುದ್ದಿಯೇ ಇರುವುದಿಲ್ಲ. ಅವರು ದಿನಾ ಎಲ್ಲೆಲ್ಲಿ ಓಡಾಡುತ್ತಾರೆ ಎಂಬುದೂ ನಿಮ್ಮ ಫೋನಿನಲ್ಲಿ ಕಾಣುತ್ತಿರುತ್ತದೆ, ಅದೂ ಸರಿಯಲ್ಲ. ಕೊಳ್ಳುವವರು ಆರ್‌ಸಿ ವರ್ಗಾವಣೆಯ ಜೊತೆಗೇ ಈ ಖಾತೆಯ ವರ್ಗಾವಣೆಯನ್ನೂ ಮಾಡಿಸಿಕೊಳ್ಳಿ. ಹಳೆಯ ಒಡೆಯರು ಫೋನು ಎತ್ತುತ್ತಿರುವಾಗಲೇ, ಬಾಕಿ ಹಣ ಕೊಡುವ ಮುಂಚೆಯೇ ಮಾಡಿಸಿ.